ಪುಲಿಗೆರೆಯ ಆದಯ್ಯನೂ ಪಾದ್ರಿ ಉತ್ತಂಗಿ ಚೆನ್ನಪ್ಪನವರೂ

ವಚನ ವಾಙ್ಮಯವು ಮಠಮನೆಗಳ ತಾಡವೋಲೆಯ ಕಟ್ಟುಗಳಿಂದ ಅಚ್ಚಿನ ಪುಟಗಳಿಗೆ ಬಂದ ಇತಿಹಾಸವನ್ನು ಹೇಳುವವರು ಫ. ಗು. ಹಳಕಟ್ಟಿಯವರ ಹೆಸರಿನೊಡನೆ ರೆವರೆಂಡ್ ಉತ್ತಂಗಿ ಚೆನ್ನಪ್ಪನವರ ಹೆಸರನ್ನೂ ತಪ್ಪದೆ ಸ್ಮರಿಸುತ್ತಾರೆ. ಇಬ್ಬರೂ ಧಾರವಾಡದಲ್ಲಿ ಹುಟ್ಟಿದವರು. ಒಬ್ಬರು 1880ರಲ್ಲಿ, ಇನ್ನೊಬ್ಬರು 1881ರಲ್ಲಿ. ಒಬ್ಬರು ವಕೀಲರು, ಇನ್ನೊಬ್ಬರು ಬಾಸೆಲ್ ಮಿಶನ್ ಸಭೆಯ ಪಾದ್ರಿಗಳು. ಚೆನ್ನಪ್ಪನವರ ಪ್ರಸ್ತಾಪ ಬಂದಾಗ ಭಾಷಣಗಳಲ್ಲಿಯೂ ಲೇಖನಗಳಲ್ಲಿಯೂ ಒಂದು ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ: ಅವರು ಮತದಿಂದ ಕ್ರೈಸ್ತರಾಗಿದ್ದರೂ ಅಂತರಂಗದಲ್ಲಿ ಶರಣರೇ ಆಗಿದ್ದರು ಎಂದು. ಆ ಮಾತನ್ನು ಆಡುವವರ ಮನಸ್ಸಿನಲ್ಲಿ ಗೌರವವಲ್ಲದೆ ಬೇರೆ ಭಾವವಿರುವುದಿಲ್ಲ. ಆದರೂ ಆ ‘ಆಗಿದ್ದರೂ’ ಎಂಬ ಪದದೊಳಗೆ, ಪಾದ್ರಿಯಾಗಿದ್ದುದು ಅವರ ವಚನಸೇವೆಗೆ ಒಂದು ಅಡ್ಡಿಯೆಂದೂ ಅದನ್ನು ದಾಟಿ ಅವರು ಈಚೆಗೆ ಬಂದರೆಂದೂ ಒಂದು ಗ್ರಹಿಕೆ ಅಡಗಿದೆ. ಅವರ ಜೀವನವನ್ನೂ ಗ್ರಂಥಗಳನ್ನೂ ಕ್ರಮವಾಗಿ ನೋಡಿದರೆ ಸಂಗತಿ ಬೇರೆಯೆಂದು ತೋರುತ್ತದೆ. ಪಾದ್ರಿಯ ಕೆಲಸವೇ ಅವರನ್ನು ಸರ್ವಜ್ಞನ ಬಳಿಗೂ ಶರಣರ ಬಳಿಗೂ ಕರೆದೊಯ್ದಿತು. ಕಡೆಯವರೆಗೂ ಅವರು ಆ ಕೆಲಸವನ್ನಾಗಲಿ ಆ ನಿಷ್ಠೆಯನ್ನಾಗಲಿ ಬಿಟ್ಟುಕೊಟ್ಟವರಲ್ಲ.

ಇದನ್ನು ತಿಳಿಯಬೇಕಾದರೆ ಮೊದಲು ಅವರ ಸಭೆಗೂ ವೀರಶೈವ ಸಮಾಜಕ್ಕೂ ಈ ಸೀಮೆಯಲ್ಲಿ ಬೆಳೆದು ಬಂದ ಸಂಬಂಧವನ್ನು ಸ್ವಲ್ಪ ನೋಡಬೇಕು. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, ಹೀಗೆ ಅವರ ಠಾಣ್ಯಗಳು ಬಯಲುಸೀಮೆಯಲ್ಲಿ ಒಂದೊಂದಾಗಿ ಏರ್ಪಟ್ಟವು. ಅಂದಿನ ಈ ನಾಡು ಒಂದೇ ಆಡಳಿತದಲ್ಲಿ ಇರಲಿಲ್ಲ. ಗದಗ, ಬೆಟಗೇರಿ, ಮುಂಡರಗಿಗಳು ಮುಂಬಯಿ ಇಲಾಖೆಯವು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು, ಶಿರಹಟ್ಟಿ ಸಾಂಗಲಿಯದು, ಮುಂಡರಗಿಯ ಆಚೆಗೆ ತುಂಗಭದ್ರೆಯನ್ನು ದಾಟಿದರೆ ಹೂವಿನಹಡಗಲಿ, ಅದು ಮದರಾಸು ಇಲಾಖೆಯ ಬಳ್ಳಾರಿ ಜಿಲ್ಲೆಯದು. ಸರಕಾರಗಳು ಹೀಗೆ ಹರಿದು ಹಂಚಿಕೊಂಡಿದ್ದ ಈ ಪ್ರದೇಶದಲ್ಲಿ ಊರೂರಿಗೂ ಮಠವೊಂದಿತ್ತು. ಮಠವಿದ್ದಲ್ಲಿ ಓಲೆಯ ಕಟ್ಟುಗಳಿದ್ದವು. ಬೆಟಗೇರಿಯ ನೇಕಾರರ ಕೇರಿಗಳಲ್ಲಿಯೂ ಗದುಗಿನ ಪೇಟೆಯಲ್ಲಿಯೂ ಮಿಶನರಿಗಳಿಗೆ ಪ್ರತಿದಿನ ಎದುರಾಗುತ್ತಿದ್ದವರಲ್ಲಿ ಕೊರಳಲ್ಲಿ ಲಿಂಗ ಧರಿಸಿದ ಭಕ್ತರೇ ಹೆಚ್ಚು.

ಆ ಮೊದಲ ಭೇಟಿಯೂ ವಿಚಿತ್ರವಾದುದು. ಕಾಲಜ್ಞಾನದ ನುಡಿಗಳನ್ನು ನಂಬಿಕೊಂಡಿದ್ದ ಕೆಲವು ಜನರು ತಮ್ಮ ಗ್ರಂಥಗಳಲ್ಲಿ ಹೇಳಿದ ಬೋಧಕರು ಇವರೇ ಇರಬಹುದೆಂದು ಮಿಶನರಿಗಳನ್ನು ಹುಡುಕಿಕೊಂಡು ಬಂದರೆಂದು ಮಿಶನ್ನಿನ ಇತಿಹಾಸಗಳು ಹೇಳುತ್ತವೆ. ಪರದೇಶದಿಂದ ಬಂದವರಿಗೆ ಆದ ಹಿಗ್ಗು ಸಹಜ. ಬೆಟಗೇರಿಯ ಹತ್ತಿರದ ಮಲಸಮುದ್ರದಲ್ಲಿ ಹೊಸ ಭಕ್ತರಿಗಾಗಿ ಒಂದು ಬೇಸಾಯದ ನೆಲೆಯನ್ನೂ ಅವರು ಮಾಡಿದರು. ಆ ಪ್ರಯತ್ನ ನಿಲ್ಲಲಿಲ್ಲ. ಬಂದವರಲ್ಲಿ ಬಹುಮಂದಿ ತಮ್ಮ ಗುರುಮಠಗಳಿಗೇ ಹಿಂದಿರುಗಿದರು. ಹೆಚ್ಚಿನ ನಿರೀಕ್ಷೆಯಿಂದ ಆರಂಭವಾದುದು ಹೆಚ್ಚಿನ ನಿರಾಶೆಯಲ್ಲಿ ಮುಗಿಯಿತು. ಅನಂತರದ ಮಿಶನರಿಗಳು ವೀರಶೈವವನ್ನು ಆಸೆಯ ಕಣ್ಣಿನಿಂದ ನೋಡುವುದನ್ನು ಬಿಟ್ಟು ವಾದದ ಕಣ್ಣಿನಿಂದ ನೋಡಲು ತೊಡಗಿದುದಕ್ಕೆ ಈ ಅನುಭವವೂ ಒಂದು ಕಾರಣವಾಗಿರಬಹುದು.

ವಾದಕ್ಕಾದರೂ ಗ್ರಂಥ ಬೇಕು. ಮೋಗ್ಲಿಂಗ್ ಪಂಡಿತರು 1848ರಿಂದ ಹೊರತಂದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಭೀಮಕವಿಯ ಬಸವಪುರಾಣವೂ ಸೇರಿತು. ವುರ್ಥ್ ಎಂಬ ಮಿಶನರಿ 1860ರ ದಶಕದಲ್ಲಿ ಬಸವಪುರಾಣ, ಚೆನ್ನಬಸವಪುರಾಣಗಳನ್ನು ಇಂಗ್ಲಿಷಿಗೆ ಇಳಿಸಿ ಮುಂಬಯಿಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. 1894ರ ಕಿಟ್ಟೆಲ್ಲರ ಮಹಾಕೋಶದಲ್ಲಿ ಬಸವಪುರಾಣದ ಪ್ರಯೋಗಗಳು ಉದ್ಧೃತವಾಗಿವೆ. ಇವರ ಉಪಕಾರವನ್ನು ಕನ್ನಡಿಗರು ಮರೆಯುವಂತಿಲ್ಲ. ಆದರೆ ಗಮನಿಸಬೇಕಾದ ಒಂದು ಅಂಶವಿದೆ. ಇವರು ಓದಿದುದು ಪುರಾಣಗಳನ್ನು. ಪುರಾಣದಲ್ಲಿ ಪವಾಡವಿದೆ, ಪರಸಮಯದವರ ಸೋಲಿದೆ, ಅರಸರ ಸಭೆಯಲ್ಲಿ ನಡೆಯುವ ವಾದವಿದೆ. ಅದನ್ನೇ ಮತದ ಪ್ರಮಾಣಗ್ರಂಥವೆಂದು ತಿಳಿದವನಿಗೆ ಖಂಡನೆ ಬಹಳ ಸುಲಭ. ಬಸವಣ್ಣನವರು ಆಡಿದ ಮಾತೇನು, ಅಲ್ಲಮಪ್ರಭುದೇವರು ಎತ್ತಿದ ಪ್ರಶ್ನೆ ಯಾವುದು ಎಂಬುದು ಆ ಪುರಾಣಗಳ ಕಥೆಯ ಹಿಂದೆ ಮರೆಯಾಗಿತ್ತು. ಇದಕ್ಕೆ ಮಿಶನರಿಗಳನ್ನಷ್ಟೇ ದೂರುವುದು ನ್ಯಾಯವಲ್ಲ. ಆ ಕಾಲದ ವೀರಶೈವ ಮನೆಗಳಲ್ಲಿಯೂ ಶ್ರಾವಣಮಾಸದಲ್ಲಿ ಹಚ್ಚುತ್ತಿದ್ದುದು ಪುರಾಣವೇ. ವಚನದ ಕಟ್ಟುಗಳು ಬಟ್ಟೆಯಲ್ಲಿ ಸುತ್ತಿ ಪೂಜೆಯ ಜಗುಲಿಯ ಮೇಲೆ ಇದ್ದವು.

ಚೆನ್ನಪ್ಪನವರು ಹುಟ್ಟಿದುದು 1881ರ ಅಕ್ಟೋಬರ್ 28ರಂದು. ಪೂರ್ವಿಕರ ಊರು ಉತ್ತಂಗಿ. ಮುಂಡರಗಿಯಿಂದ ಹೊಳೆ ದಾಟಿದರೆ ಸಿಗುವ ಹೂವಿನಹಡಗಲಿ ತಾಲೂಕಿನ ಗ್ರಾಮವದು, ಇಂದಿನ ವಿಜಯನಗರ ಜಿಲ್ಲೆಯದು. ತಂದೆಯ ಹೆಸರು ದಾನಿಯೇಲಪ್ಪ, ತಾಯಿಯ ಹೆಸರು ಸುಭಕ್ತವ್ವ. ಈ ಎರಡು ಹೆಸರುಗಳೇ ಒಂದು ಸಣ್ಣ ಇತಿಹಾಸವನ್ನು ಹೇಳುತ್ತವೆ. ಹಳೆಯ ಒಡಂಬಡಿಕೆಯ ಪ್ರವಾದಿ ದಾನಿಯೇಲನಿಗೆ ಧಾರವಾಡದ ಸೀಮೆಯಲ್ಲಿ ‘ಅಪ್ಪ’ ಸೇರಿತು. ಭಕ್ತಿಯ ಪದಕ್ಕೆ ‘ಅವ್ವ’ ಸೇರಿ ಕ್ರೈಸ್ತ ಗೃಹಿಣಿಯ ಹೆಸರಾಯಿತು. ಮಗನಿಗೆ ಇಟ್ಟ ಹೆಸರಂತೂ ಯಾವ ಲಿಂಗವಂತರ ಮನೆಯಲ್ಲಿಯೂ ಸಿಗುವಂಥದು. ಧರ್ಮ ಬದಲಾದ ಮನೆಯಲ್ಲಿ ನುಡಿ ಬದಲಾಗಲಿಲ್ಲ. ಈ ಮಾತನ್ನು ಮರೆತರೆ ಮುಂದಿನ ಅವರ ಕೆಲಸ ಆಶ್ಚರ್ಯವೆನಿಸುತ್ತದೆ. ನೆನಪಿಟ್ಟರೆ ಅದು ಸಹಜವೆನಿಸುತ್ತದೆ.

ಧಾರವಾಡದಲ್ಲಿ ಶಾಲೆಯ ಶಿಕ್ಷಣ ಮುಗಿಸಿ ಮಂಗಳೂರಿನ ಬಾಸೆಲ್ ಮಿಶನ್ ದೈವಜ್ಞಾನ ಶಾಲೆಯಲ್ಲಿ ಅವರು ವ್ಯಾಸಂಗ ಮಾಡಿದರು. ಅಲ್ಲಿಂದ ಬಂದು ಉತ್ತರ ಕರ್ನಾಟಕದ ಸಭೆಗಳಲ್ಲಿ ಬೋಧಕರಾಗಿ, ಪಾದ್ರಿಗಳಾಗಿ ಸೇವೆ ಸಲ್ಲಿಸಿದರು. ದೇಶೀಯ ಪಾದ್ರಿಯ ಸ್ಥಾನ ಆ ಕಾಲದಲ್ಲಿ ಸುಲಭವಾದುದಾಗಿರಲಿಲ್ಲ. ಸಭೆಯ ಆಡಳಿತ ಐರೋಪ್ಯ ಮಿಶನರಿಗಳದು. ಹಳ್ಳಿ ತಿರುಗಿ ಜನರೊಡನೆ ಮಾತನಾಡುವ ಕೆಲಸ ದೇಶೀಯರದು. ಈ ಅಸಮಾಧಾನ ಬಾಸೆಲ್ ಮಿಶನ್ನಿಗಷ್ಟೇ ಸೇರಿದುದಲ್ಲ. ಆಂಗ್ಲಿಕನ್ ಸಭೆಯ ವಿ. ಎಸ್. ಅಜರಯ್ಯನವರು 1910ರಲ್ಲಿ ಎಡಿನ್‌ಬರೋ ನಗರದ ಜಾಗತಿಕ ಮಿಶನರಿ ಸಮ್ಮೇಳನದಲ್ಲಿ ಎದ್ದು ನಿಂತು, ಮಿಶನರಿಗಳ ತ್ಯಾಗವನ್ನೆಲ್ಲ ಕೊಂಡಾಡಿ, ಕೊನೆಗೆ ತಮ್ಮ ಜನರಿಗೆ ಅವರಿಂದ ಸಿಗದೆ ಉಳಿದುದು ಸ್ನೇಹ ಎಂದು ಹೇಳಿ ಸಭೆಯನ್ನು ತಲ್ಲಣಗೊಳಿಸಿದ್ದರು. ಎರಡು ವರ್ಷಗಳ ತರುವಾಯ, 1912ರಲ್ಲಿ, ಅಜರಯ್ಯನವರು ತೆಲುಗು ನಾಡಿನ ದೋರ್ನಕಲ್ಲಿನ ಬಿಷಪ್ಪರಾದರು; ಆಂಗ್ಲಿಕನ್ ಸಭೆಯಲ್ಲಿ ಆ ಪದವಿಗೆ ಏರಿದ ಮೊದಲ ಭಾರತೀಯರು ಅವರು. ಬಾಸೆಲ್ ಮಿಶನ್ ಸಭೆಯಲ್ಲಿ ಬಿಷಪ್ ಪದವಿಯೇ ಇರಲಿಲ್ಲ. ಅಲ್ಲಿ ಚೆನ್ನಪ್ಪನವರಂಥವರಿಗೆ ದೊರೆತ ಅವಕಾಶ ಬೇರೆ ರೀತಿಯದು. 1914ರ ಮಹಾಯುದ್ಧ ಆರಂಭವಾದ ಮೇಲೆ ಜರ್ಮನ್ ಮಿಶನರಿಗಳು ಬಂಧನಕ್ಕೊಳಗಾಗಿ ಕ್ರಮೇಣ ದೇಶವನ್ನು ಬಿಡಬೇಕಾಯಿತು. ಸಭೆಗಳ ಭಾರ ದೇಶೀಯ ಪಾದ್ರಿಗಳ ಹೆಗಲ ಮೇಲೆ ಹೆಚ್ಚು ಬಿದ್ದಿತು. ತಮ್ಮ ಮಾತನ್ನು ತಮ್ಮ ರೀತಿಯಲ್ಲಿ ಹೇಳುವ ಧೈರ್ಯವೂ ಅದರೊಡನೆ ಬಂದಿತು.

1921ರಲ್ಲಿ ಪ್ರಕಟವಾದ ಅವರ ಗ್ರಂಥದ ಹೆಸರು ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’. ಈ ಹೆಸರಿನಲ್ಲಿರುವ ಕೊನೆಯ ಪದವನ್ನು ಓದುಗರು ಗಮನಿಸಬೇಕು. ಹಿಂದಿನ ತಲೆಮಾರಿನ ಮಿಶನರಿ ಪುಸ್ತಿಕೆಗಳಲ್ಲಿ ಪರೀಕ್ಷೆ, ನಿರ್ಣಯ, ಖಂಡನೆಗಳೇ ಹೆಚ್ಚು. ಇಲ್ಲಿ ಬೆತ್ಲೆಹೇಮು ಕಾಶಿಯ ಬಾಗಿಲಿಗೆ ಬಂದು ವಿನಂತಿ ಮಾಡುತ್ತದೆ. ಕೇಳುವವನು ಕೈಮುಗಿದು ನಿಂತಿದ್ದಾನೆ. ಆದರೆ ತಾನು ಯಾರೆಂಬುದನ್ನು ಮರೆಮಾಚಿಲ್ಲ. ಮರಾಠಿಯಲ್ಲಿ ಅಭಂಗಗಳ ಧಾಟಿಯಲ್ಲಿ ಕ್ರಿಸ್ತನನ್ನು ಹಾಡಿದ ಕವಿ ನಾರಾಯಣ ವಾಮನ ಟಿಳಕರ ಚರಿತ್ರೆಯನ್ನು ಚೆನ್ನಪ್ಪನವರು ಕನ್ನಡದಲ್ಲಿ ಬರೆದುದೂ ಇದೇ ಮನೋಧರ್ಮದ ಫಲ. ತನ್ನ ನೆಲದ ಸಂತರ ನುಡಿಯಲ್ಲಿಯೇ ತನ್ನ ಧರ್ಮವನ್ನು ಹೇಳಬಹುದೆಂದು ಟಿಳಕರು ತೋರಿಸಿದ್ದರು. ಮರಾಠಿಗೆ ತುಕಾರಾಮರಿದ್ದಂತೆ ಕನ್ನಡಕ್ಕೆ ಯಾರು ಎಂಬ ಪ್ರಶ್ನೆ ಕನ್ನಡದ ಪಾದ್ರಿಗೆ ಎದುರಾಗಲೇಬೇಕು.

ಮೊದಲ ಉತ್ತರ ಸರ್ವಜ್ಞನಾದನು. ಸಂತೆಯಲ್ಲಿ, ಜಾತ್ರೆಯಲ್ಲಿ, ಅಗಸೆಯ ಕಟ್ಟೆಯಲ್ಲಿ ನಿಂತು ಬೋಧಿಸುವ ಪ್ರಚಾರಕರಿಗೆ ಸರ್ವಜ್ಞನ ತ್ರಿಪದಿಗಳು ಕೈಗೆ ಸಿಕ್ಕ ಆಯುಧಗಳಂತಿದ್ದವು. ಜಾತಿಯನ್ನು ಟೀಕಿಸುವ ಒಂದು ತ್ರಿಪದಿ, ಡಾಂಭಿಕರನ್ನು ಚುಚ್ಚುವ ಇನ್ನೊಂದು ತ್ರಿಪದಿ ಹೇಳಿದರೆ ಜನ ತಲೆದೂಗುತ್ತಿದ್ದರು. ಪ್ರಚಾರಕನಿಗೆ ಅಷ್ಟು ಸಾಕು. ಚೆನ್ನಪ್ಪನವರಿಗೆ ಅಷ್ಟು ಸಾಲದಾಯಿತು. ಒಂದೇ ಪದ್ಯವು ಒಂದು ಊರಲ್ಲಿ ಒಂದು ರೀತಿ, ನೆರೆಯ ಊರಲ್ಲಿ ಇನ್ನೊಂದು ರೀತಿ. ಅಚ್ಚಾದ ಅಲ್ಪಸ್ವಲ್ಪ ಪುಸ್ತಕಗಳಲ್ಲಿ ಮತ್ತೊಂದು ರೀತಿ. ಆಯುಧವಾಗಿ ಬಳಸುವವನಿಗೆ ಪಾಠಾಂತರದ ಗೊಡವೆಯಿಲ್ಲ. ಕವಿಯ ಮಾತು ಯಾವುದು ಎಂದು ಕೇಳಿದವನಿಗೆ ಮಾತ್ರ ಆ ತೊಡಕು ಕಾಣಿಸುತ್ತದೆ. ಅವರು ಹಸ್ತಪ್ರತಿಗಳನ್ನು ಹುಡುಕಿ, ಕೇಳಿದ ಪದ್ಯಗಳನ್ನು ಬರೆದುಕೊಂಡು, ವರ್ಷಗಟ್ಟಲೆ ಒಂದಕ್ಕೊಂದು ಹೋಲಿಸಿ, ಸುಮಾರು ಎರಡು ಸಾವಿರ ತ್ರಿಪದಿಗಳನ್ನು ವಿಷಯಾನುಸಾರವಾಗಿ ವಿಂಗಡಿಸಿ, ಪೀಠಿಕೆಯೊಡನೆ 1924ರಲ್ಲಿ ಪ್ರಕಟಿಸಿದರು.

ಈ ಕೆಲಸದ ಕಷ್ಟ ಎಷ್ಟೆಂಬುದು ಸಂಪಾದನೆಯ ಪರಿಚಯವಿದ್ದವರಿಗೆ ಗೊತ್ತು. ವಚನಕಾರರಿಗೆ ಒಬ್ಬೊಬ್ಬರಿಗೂ ಒಂದು ಅಂಕಿತವಿದೆ. ಅದು ಇಷ್ಟದೈವದ ಹೆಸರು, ಪರಂಪರೆ ಅದನ್ನು ಭಕ್ತಿಯಿಂದ ಕಾಪಾಡಿದೆ. ಸರ್ವಜ್ಞನ ಪದ್ಯಕ್ಕೆ ಕೊನೆಯಲ್ಲಿ ಅವನ ಹೆಸರೇ ಮುದ್ರೆ. ಮೂರು ಸಾಲು ಹೊಂದಿಸಬಲ್ಲ ಯಾವ ಹಳ್ಳಿಯ ಜಾಣನಾದರೂ ಕೊನೆಗೆ ಆ ಮೂರಕ್ಷರ ಸೇರಿಸಿದರೆ ಅದು ಸರ್ವಜ್ಞನದಾಗಿ ಹೋಗುತ್ತದೆ. ಅಡುಗೆಯ ಮಾತು, ಮಳೆಬೆಳೆಯ ಮಾತು, ಒಗಟು, ಬೈಗುಳ ಎಲ್ಲವೂ ಅವನ ತಲೆಯ ಮೇಲೆ ಬಂದು ಕೂತಿವೆ. ಇಷ್ಟರ ನಡುವೆ ಶೈವನಿಷ್ಠನಾದ, ಯಾರ ಹಂಗಿಗೂ ಒಳಗಾಗದ ಒಬ್ಬ ಜಂಗಮಸ್ವಭಾವದ ಕವಿಯನ್ನು ಗುರುತಿಸಿಕೊಡುವುದು ಸಾಮಾನ್ಯ ಕೆಲಸವಲ್ಲ. ತರುವಾಯದ ವಿದ್ವಾಂಸರು ಆ ಸಂಗ್ರಹದಲ್ಲಿ ಪ್ರಕ್ಷಿಪ್ತಗಳನ್ನು ತೋರಿಸಿದ್ದಾರೆ. ಇನ್ನು ಮುಂದೆಯೂ ತೋರಿಸುವರು. ಅವರೆಲ್ಲರೂ ನಿಂತು ನೋಡುವ ನೆಲವನ್ನು ಸಮ ಮಾಡಿದವರು ಚೆನ್ನಪ್ಪನವರು. ‘ತಿರುಳ್ಗನ್ನಡದ ತಿರುಕ’ ಎಂದು ಕನ್ನಡಿಗರು ಅವರನ್ನು ಕರೆದರು. ಮನೆಮನೆಯ ಬಾಗಿಲಲ್ಲಿ ನಿಂತು ನುಡಿಯನ್ನು ಬೇಡಿ ತಂದವರಿಗೆ ತಿರುಕನೆಂಬುದು ಸಲ್ಲುವ ಹೆಸರು. ತಿರುಳ್ಗನ್ನಡವೆಂಬ ಮಾತಿಗಂತೂ ಈ ಸೀಮೆಯೊಡನೆ ಹಳೆಯ ನಂಟಿದೆ. ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಿನ ನಾಡನ್ನು ಕನ್ನಡದ ತಿರುಳೆಂದು ಒಂಬತ್ತನೆಯ ಶತಮಾನದಲ್ಲಿಯೇ ಕವಿರಾಜಮಾರ್ಗಕಾರನು ಗುರುತಿಸಿದ್ದಾನೆ. ಆ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಚೆನ್ನಪ್ಪನವರ ಕೊನೆಯ ದೊಡ್ಡ ಕೆಲಸಗಳಲ್ಲಿ ಒಂದು ಆ ಊರಿಗೇ ಸೇರಿದ್ದು. ಅದನ್ನು ಮುಂದೆ ನೋಡಬಹುದು.

ಸರ್ವಜ್ಞನ ವಚನಗಳು ಪ್ರಕಟವಾಗುವ ಹಿಂದಿನ ವರ್ಷ, 1923ರಲ್ಲಿ, ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಬೆಳಕು ಕಂಡಿತು. ಅದರ ಮುದ್ರಣದ ಹಿಂದೆ ಒಂದು ಪ್ರಸಿದ್ಧವಾದ ಕಥೆಯಿದೆ. ಹಳಕಟ್ಟಿಯವರು ತಮ್ಮ ಹಸ್ತಪ್ರತಿಯನ್ನು ಮೊದಲು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಕಳಿಸಿದರೆಂದೂ, ಕ್ರೈಸ್ತರು ಬೋಧಿಸುವ ಮಾತುಗಳೇ ಇದರಲ್ಲಿ ಮೊದಲೇ ಇರುವುದನ್ನು ಕಂಡು ಅಲ್ಲಿಯವರು ಅಚ್ಚು ಮಾಡಲೊಪ್ಪದೆ ಅದನ್ನು ಹಿಂದಿರುಗಿಸಿದರೆಂದೂ ಹಳಕಟ್ಟಿಯವರ ಚರಿತ್ರೆಯನ್ನು ಬರೆದವರು ಹೇಳುತ್ತ ಬಂದಿದ್ದಾರೆ. ಕೊನೆಗೆ ಗ್ರಂಥ ಬೆಳಗಾವಿಯಲ್ಲಿ ಅಚ್ಚಾಯಿತು. ಈ ಕಥೆಯನ್ನು ಸಾಮಾನ್ಯವಾಗಿ ಮಿಶನ್ನಿನವರ ಸಂಕುಚಿತತೆಗೆ ಉದಾಹರಣೆಯಾಗಿ ಹೇಳುವುದುಂಟು. ಹೇಳಲಿ. ಆದರೆ ಅದೇ ಸಭೆಯ ಒಬ್ಬ ಪಾದ್ರಿಯು ಅದೇ ವರ್ಷಗಳಲ್ಲಿ ಸರ್ವಜ್ಞನ ಪ್ರತಿಗಳನ್ನು ತಿದ್ದುತ್ತ ಕುಳಿತಿದ್ದರೆಂಬುದನ್ನೂ ಜೊತೆಗೆ ಹೇಳದಿದ್ದರೆ ಇತಿಹಾಸ ಅರ್ಧವಾಗುತ್ತದೆ. ಒಂದೇ ಸಂಸ್ಥೆಯಲ್ಲಿ ಭಯಪಡುವವರೂ ಇರುತ್ತಾರೆ, ಭಯಪಡದವರೂ ಇರುತ್ತಾರೆ. ಪುರಾಣವನ್ನು ಅಚ್ಚು ಮಾಡಲು ಅಂಜದವರು ವಚನಗಳ ಮುಂದೆ ಅಂಜಿದರೆಂಬುದಾದರೆ, ವಚನಗಳ ಶಕ್ತಿಗೆ ಅದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಕಿಲ್ಲ. ಚೆನ್ನಪ್ಪನವರು ಅಂಜಲಿಲ್ಲವೇಕೆ? ತನ್ನ ನಂಬಿಕೆಯಲ್ಲಿ ಸಡಿಲವಾದವನು ಅಂಜುವುದಿಲ್ಲ, ಅವನಿಗೆ ಕಳೆದುಕೊಳ್ಳುವುದು ಏನೂ ಇಲ್ಲ. ತನ್ನ ನಂಬಿಕೆಯಲ್ಲಿ ದೃಢವಾದವನೂ ಅಂಜುವುದಿಲ್ಲ. ಅವರು ಎರಡನೆಯ ವರ್ಗದವರೆಂಬುದಕ್ಕೆ ಅವರ ಕ್ರೈಸ್ತ ಗ್ರಂಥಗಳೇ ಆಧಾರ.

1928ರಲ್ಲಿ ಅವರು ‘ಬಸವೇಶ್ವರನೂ ಕರ್ನಾಟಕದ ಅಭ್ಯುದಯವೂ’ ಎಂಬ ಕೃತಿಯನ್ನು ಬರೆದರು. ಮುಂದೆ ಅನುಭವಮಂಟಪವು ನಿಜವಾಗಿಯೂ ಇತ್ತೇ, ಶಾಸನಗಳಲ್ಲಿ ಅದರ ಹೆಸರಿಲ್ಲವಲ್ಲ ಎಂದು ಕೆಲವು ವಿದ್ವಾಂಸರು ಸಂದೇಹವೆತ್ತಿದಾಗ ‘ಅನುಭವಮಂಟಪದ ಐತಿಹಾಸಿಕತೆ’ಯನ್ನು ಬರೆದು ಅದರ ಪರವಾಗಿ ನಿಂತವರೂ ಅವರೇ. ಆ ವಾದ ಇಂದಿಗೂ ಪೂರ್ಣವಾಗಿ ಮುಗಿದಿಲ್ಲ. ಶಾಸನವೆಂಬುದು ದಾನ, ದತ್ತಿ, ಕಾಳಗಗಳ ದಾಖಲೆ. ನೆಲವನ್ನೂ ಬಂಗಾರವನ್ನೂ ಬೇಡದ ಒಂದು ಗೋಷ್ಠಿಯ ಹೆಸರು ಕಲ್ಲಿನ ಮೇಲೆ ಬರದಿದ್ದರೆ ಅದು ಇರಲಿಲ್ಲವೆಂದು ಹೇಳಲಾಗದು. ಇತ್ತೆಂದು ಹೇಳಲು ವಚನಗಳ ಒಳಗಿನ ಸಾಕ್ಷ್ಯವನ್ನೇ ನೆಚ್ಚಬೇಕು. ಇಲ್ಲಿ ವಿಶೇಷವೆಂದರೆ ವಾದದ ಫಲಿತಾಂಶಕ್ಕಿಂತ ವಾದಿಯ ಸ್ಥಾನ. ವೀರಶೈವರೇ ಈ ಮಾತನ್ನು ಹೇಳಿದ್ದರೆ ಅಭಿಮಾನವೆಂದು ತಳ್ಳಿಹಾಕಬಹುದಾಗಿತ್ತು. ಪಾದ್ರಿಯು ಹೇಳಿದಾಗ ಹಾಗೆ ತಳ್ಳುವುದು ಎದುರುವಾದಿಗಳಿಗೆ ಕಷ್ಟವಾಯಿತು.

1949ರಲ್ಲಿ ಗುಲಬರ್ಗೆಯಲ್ಲಿ ನಡೆದ 32ನೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಚೆನ್ನಪ್ಪನವರು ಅಧ್ಯಕ್ಷರಾದರು. ಹಿಂದಿನ ವರ್ಷದ ಸೆಪ್ಟೆಂಬರಿನಲ್ಲಷ್ಟೇ ಹೈದರಾಬಾದು ಸಂಸ್ಥಾನ ಭಾರತದಲ್ಲಿ ಸೇರಿತ್ತು. ರಜಾಕಾರರ ಹಾವಳಿಯ ಗಾಯ ಇನ್ನೂ ಮಾಯ್ದಿರಲಿಲ್ಲ. ಮತದ ಹೆಸರಿನಲ್ಲಿ ಜನ ಜನರನ್ನು ಸಂದೇಹದಿಂದ ನೋಡುತ್ತಿದ್ದ ಕಾಲವದು. ಅಂಥ ಊರಿನಲ್ಲಿ, ಶರಣಬಸವೇಶ್ವರರ ದಾಸೋಹಕ್ಕೂ ಬಂದೇನವಾಜರ ದರ್ಗಕ್ಕೂ ಹೆಸರಾದ ಊರಿನಲ್ಲಿ, ಕ್ರೈಸ್ತ ಪಾದ್ರಿಯೊಬ್ಬರು ಕನ್ನಡಿಗರ ಪರವಾಗಿ ಪೀಠದಲ್ಲಿ ಕುಳಿತರು. ಮರುವರ್ಷದ ಸಮ್ಮೇಳನ ಸಿದ್ಧರಾಮನ ಸೊನ್ನಲಿಗೆಯಲ್ಲಿ, ಎಂದರೆ ಸೊಲ್ಲಾಪುರದಲ್ಲಿ, ‘ವಚನಧರ್ಮಸಾರ’ದ ಕರ್ತೃ ಎಂ. ಆರ್. ಶ್ರೀನಿವಾಸಮೂರ್ತಿಗಳ ಅಧ್ಯಕ್ಷತೆಯಲ್ಲಿ ನೆರೆಯಿತು. ವೀರಶೈವರಲ್ಲದ ಇಬ್ಬರು ವಚನಾಭ್ಯಾಸಿಗಳು ಒಬ್ಬರ ಬೆನ್ನಿಗೆ ಒಬ್ಬರಂತೆ ಆ ಗೌರವ ಪಡೆದುದು ವಚನಗಳು ಆ ಹೊತ್ತಿಗೆ ಸಮಸ್ತ ಕನ್ನಡಿಗರ ಆಸ್ತಿಯಾಗಿದ್ದುದರ ಗುರುತು.

ಇನ್ನು ಅವರ ವಚನ ಸಂಪಾದನೆಗಳು. ಮೂರು ಮುಖ್ಯವಾದವು. ಸಂ. ಶಿ. ಭೂಸನೂರಮಠರೊಡನೆ ಸೇರಿ 1950ರಲ್ಲಿ ಮೋಳಿಗೆ ಮಾರಯ್ಯ ಮತ್ತು ರಾಣಿ ಮಹಾದೇವಿಯರ ವಚನಗಳನ್ನೂ, 1955ರಲ್ಲಿ ‘ಸಿದ್ಧರಾಮ ಸಾಹಿತ್ಯ ಸಂಗ್ರಹ’ವನ್ನೂ, ಮತ್ತೆ ಭೂಸನೂರಮಠರೊಡನೆ 1957ರಲ್ಲಿ ಆದಯ್ಯನ ವಚನಗಳನ್ನೂ ಹೊರತಂದರು. ಭೂಸನೂರಮಠರು ಗದಗ ಸೀಮೆಯ ರೋಣ ತಾಲೂಕಿನಲ್ಲಿ ಹುಟ್ಟಿದವರು, ಚೆನ್ನಪ್ಪನವರಿಗಿಂತ ಸುಮಾರು ಮೂವತ್ತು ವರ್ಷ ಕಿರಿಯರು, ಶೂನ್ಯಸಂಪಾದನೆಯ ಆಳವನ್ನು ಬಲ್ಲವರು. ಹಿರಿಯ ಪಾದ್ರಿಗಳೂ ಕಿರಿಯ ಪ್ರಾಧ್ಯಾಪಕರೂ ಒಂದೇ ಓಲೆಯ ಮುಂದೆ ಕೂಡಿದುದು ಕನ್ನಡ ಸಂಪಾದನೆಯ ಇತಿಹಾಸದಲ್ಲಿ ಒಂದು ಒಳ್ಳೆಯ ಯೋಗ.

ಈ ಮೂವರು ಶರಣರ ಚರಿತ್ರೆಯಲ್ಲಿ ಒಂದು ಸಮಾನ ಸಂಗತಿಯಿದೆ. ಮೋಳಿಗೆ ಮಾರಯ್ಯನು ಕಾಶ್ಮೀರದ ಅರಸನಾಗಿದ್ದು, ರಾಜ್ಯವನ್ನು ಬಿಟ್ಟು ಕಲ್ಯಾಣಕ್ಕೆ ಬಂದು ಕಟ್ಟಿಗೆ ಮಾರಿ ಬದುಕಿದನೆಂದು ಪರಂಪರೆ ಹೇಳುತ್ತದೆ. ಸಿದ್ಧರಾಮನು ಸೊನ್ನಲಿಗೆಯಲ್ಲಿ ಗುಡಿ ಕಟ್ಟಿಸಿ ಕೆರೆ ತೋಡಿಸಿ ಕೀರ್ತಿವಂತನಾದ ಮೇಲೆ, ಪ್ರಭುದೇವರ ಮಾತಿನಿಂದ ಕದಲಿ ಕಲ್ಯಾಣಕ್ಕೆ ಬಂದವನು. ಆದಯ್ಯನು ಸೌರಾಷ್ಟ್ರದಿಂದ ವ್ಯಾಪಾರಕ್ಕಾಗಿ ಪುಲಿಗೆರೆಗೆ ಬಂದ ವಣಿಕ. ಮೂವರೂ ಹೊರಗಿನಿಂದ ಬಂದವರು. ಬಂದ ಮೇಲೆ ಒಳಗಿನವರಿಗಿಂತ ಕಡಿಮೆಯಾಗಿ ಉಳಿದವರಲ್ಲ. ಚೆನ್ನಪ್ಪನವರು ಇದಕ್ಕಾಗಿಯೇ ಇವರನ್ನು ಆರಿಸಿಕೊಂಡರೆಂದು ಕಲ್ಪಿಸುವುದು ಅತಿಯಾದೀತು. ಆದರೆ ಈ ಮೂವರ ವಚನಗಳ ಓಲೆಗಳು ಅವರ ಕೈಗೆ ಬಂದಾಗ ಅವರಿಗೆ ಪರಕೀಯವೆನಿಸಿರಲಾರವು.

ಆದಯ್ಯನ ವಿಷಯ ಲಕ್ಷ್ಮೇಶ್ವರದ ಜನರಿಗೆ ಹೇಳಿಕೊಡಬೇಕಾದುದಲ್ಲ. ಹರಿಹರನ ರಗಳೆಯೂ ರಾಘವಾಂಕನ ಸೋಮನಾಥಚರಿತ್ರೆಯೂ ಅವನ ಕಥೆಯನ್ನು ವಿಸ್ತಾರವಾಗಿ ಹಾಡಿವೆ. ಜೈನಶ್ರಾವಕನ ಮಗಳು ಪದ್ಮಾವತಿಯನ್ನು ಅವನು ಮದುವೆಯಾದುದು, ಮಾವನ ಮನೆಯಲ್ಲಿ ಶಿವಭಕ್ತರಿಗೆ ಅಪಮಾನವಾದುದು, ಸೌರಾಷ್ಟ್ರದ ಸೋಮನಾಥನನ್ನೇ ತಂದು ಸುರಹೊನ್ನೆಯ ಬಸದಿಯಲ್ಲಿ ನಿಲ್ಲಿಸುವೆನೆಂದು ಅವನು ಶಪಥ ಮಾಡಿದುದು, ಆ ಶಪಥ ಈಡೇರಿದುದು, ಇವೆಲ್ಲ ಕಾವ್ಯಗಳ ಕಥಾವಸ್ತು. ಲಕ್ಷ್ಮೇಶ್ವರದ ಸೋಮೇಶ್ವರ ದೇವಾಲಯದಲ್ಲಿ ಶಿವಪಾರ್ವತಿಯರು ನಂದಿಯ ಮೇಲೆ ಆರೋಹಣ ಮಾಡಿದ ಮೂರ್ತಿಯಿದೆ. ಸೋಮನಾಥನು ಪುಲಿಗೆರೆಗೆ ಬಂದ ರೀತಿಯನ್ನೇ ಭಕ್ತರು ಅದರಲ್ಲಿ ಕಾಣುತ್ತಾರೆ. ಅದೇ ಊರಿನಲ್ಲಿ ಶಂಖಬಸದಿಯೂ ಇದೆ. ಎರಡು ಸಮಯಗಳ ಪೈಪೋಟಿ ತೀವ್ರವಾಗಿದ್ದ ಕಾಲದ ಕಥೆಯಿದು. ಕಾವ್ಯದ ಆದಯ್ಯನು ವೀರನು, ಛಲಗಾರನು, ಪರಸಮಯದೊಡನೆ ಕಾದುವವನು.

ಆ ಆದಯ್ಯನನ್ನು ಮನಸ್ಸಿನಲ್ಲಿಟ್ಟುಕೊಂಡು ವಚನಗಳನ್ನು ತೆರೆದವರಿಗೆ ಆಶ್ಚರ್ಯ ಕಾದಿರುತ್ತದೆ. ‘ಸೌರಾಷ್ಟ್ರ ಸೋಮೇಶ್ವರ’ ಎಂಬ ಅಂಕಿತದ ಸುಮಾರು ನಾನೂರು ವಚನಗಳಲ್ಲಿ ಕಾಣಿಸುವವನು ಶಾಂತನಾದ ಅನುಭಾವಿ. ಬಸದಿಯ ಜಗಳದ ಸದ್ದು ಅಲ್ಲಿ ತೀರ ಕಡಿಮೆ. ಅಂಗ, ಲಿಂಗ, ಷಟ್‌ಸ್ಥಲ, ಅರಿವು, ಕುರುಹು, ಇವುಗಳ ನಿರೂಪಣೆಯಲ್ಲಿ ಅವನ ಮನಸ್ಸು ಮುಳುಗಿದೆ. ಶಾಸ್ತ್ರಜ್ಞನ ಅಚ್ಚುಕಟ್ಟು ಅವನ ವಾಕ್ಯಗಳಲ್ಲಿದೆ. ಬಸವಣ್ಣನವರ ಆರ್ದ್ರತೆಯನ್ನು ಅಲ್ಲಿ ಹುಡುಕಬಾರದು. ಓದಲು ಸುಲಭನಾದ ವಚನಕಾರನಲ್ಲ. ಜನಪ್ರಿಯತೆಗಾಗಿ ಸಂಪಾದಿಸುವವರು ಆದಯ್ಯನನ್ನು ಆರಿಸಿಕೊಳ್ಳುವುದಿಲ್ಲ. ಮತಪ್ರಚಾರಕ್ಕಾಗಿ ವಚನಗಳನ್ನು ಹುಡುಕುವ ಪಾದ್ರಿಯಂತೂ ಖಂಡಿತವಾಗಿ ಆರಿಸಿಕೊಳ್ಳುವುದಿಲ್ಲ. ಷಟ್‌ಸ್ಥಲದ ಸೂಕ್ಷ್ಮಗಳಲ್ಲಿ ಅವನ ಉಪದೇಶಕ್ಕೆ ಬೇಕಾದುದು ಯಾವುದೂ ಸಿಗದು. ಎಪ್ಪತ್ತೈದು ದಾಟಿದ ವಯಸ್ಸಿನಲ್ಲಿ ಚೆನ್ನಪ್ಪನವರು ಆ ಕೆಲಸಕ್ಕೆ ಕೂತರೆಂದರೆ ಅದರ ಹಿಂದೆ ಇದ್ದುದು ಒಂದೇ ಕಾರಣ: ಪುರಾಣದ ಆದಯ್ಯನ ಹಿಂದೆ ಮರೆಯಾಗಿದ್ದ ವಚನದ ಆದಯ್ಯನು ತನ್ನ ಮಾತಿನಲ್ಲಿಯೇ ಓದುಗರಿಗೆ ದೊರಕಬೇಕು ಎಂಬುದು. ನೂರು ವರ್ಷಗಳ ಹಿಂದೆ ಅವರ ಸಭೆಯ ಹಿರಿಯರು ಪುರಾಣವನ್ನು ಓದಿ ವೀರಶೈವವನ್ನು ಅಳೆದಿದ್ದರು. ಆ ಅಳತೆಯನ್ನು ಅದೇ ಸಭೆಯ ಕಿರಿಯನೊಬ್ಬನು, ಯಾರನ್ನೂ ಹೆಸರಿಸಿ ಜರೆಯದೆ, ತನ್ನ ಸಂಪಾದನೆಯಿಂದ ತಿದ್ದಿದನು.

ಇಷ್ಟೆಲ್ಲ ಮಾಡಿದವರು ಲಿಂಗದೀಕ್ಷೆ ಪಡೆಯಲಿಲ್ಲ, ಸಭೆಯನ್ನು ಬಿಡಲಿಲ್ಲ. ಅವರು ಬಿಡಬೇಕಾಗಿತ್ತು ಎಂದು ಬಯಸುವ ಭಕ್ತರೂ ಇದ್ದಾರೆ. ಬಿಡದಿದ್ದರೂ ಬಿಟ್ಟಂತೆಯೇ ಎಂದು ಸಮಾಧಾನ ಪಟ್ಟುಕೊಳ್ಳುವವರೂ ಇದ್ದಾರೆ. ಎರಡೂ ಸಲ್ಲದು. ಶಿರಹಟ್ಟಿಯ ಫಕೀರೇಶ್ವರ ಮಠದ ಪರಂಪರೆಯಲ್ಲಿ ವೀರಶೈವವೂ ಸೂಫಿಮಾರ್ಗವೂ ಒಂದೇ ಗದ್ದುಗೆಯಲ್ಲಿ ಕೂಡಿವೆ. ಆ ಭಾವೈಕ್ಯ ಈ ನಾಡಿನ ಒಂದು ಹಿರಿಯ ದಾರಿ. ಚೆನ್ನಪ್ಪನವರದು ಇನ್ನೊಂದು ದಾರಿ. ಅವರು ಎರಡನ್ನು ಬೆರೆಸಲಿಲ್ಲ. ತಮ್ಮ ಮನೆಯಲ್ಲಿ ನಿಂತು, ನೆರೆಮನೆಯ ದೀಪಕ್ಕೆ ಎಣ್ಣೆ ಎರೆದರು. ಅಂಥವರನ್ನು ನಮ್ಮವರೇ ಎಂದು ಎಳೆದುಕೊಂಡರೆ ಅವರು ಮಾಡಿದ ಕೆಲಸದ ಬೆಲೆ ಕಡಿಮೆಯಾಗುತ್ತದೆ. ನಮ್ಮವನು ನಮ್ಮ ಗ್ರಂಥವನ್ನು ಅಚ್ಚು ಹಾಕಿಸಿದರೆ ಅದು ಕರ್ತವ್ಯ. ಪಾದ್ರಿಯು ಪಾದ್ರಿಯಾಗಿ ಉಳಿದೇ ಆದಯ್ಯನ ಪಾಠಾಂತರಗಳಿಗಾಗಿ ಕಣ್ಣು ಸವೆಸಿದುದಕ್ಕೆ ಬೇರೊಂದು ಹೆಸರು ಹುಡುಕಬೇಕು.

ಅವರ ಜೀವಿತಕಾಲದಲ್ಲಿಯೇ ದಕ್ಷಿಣದ ಕ್ರೈಸ್ತ ಸಭೆಗಳ ಸ್ವರೂಪವೂ ಬದಲಾಯಿತು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮೊದಲಾದ ಸಭೆಗಳು ಕೂಡಿ ದಕ್ಷಿಣ ಇಂಡಿಯಾ ಸಭೆ ಸ್ಥಾಪಿತವಾಯಿತು. ಧಾರವಾಡ ಸೀಮೆಯ ಬಾಸೆಲ್ ಮಿಶನ್ ಸಭೆಗಳೂ ಕ್ರಮೇಣ ಅದರಲ್ಲಿ ಸೇರಿದವು. 1970ರಲ್ಲಿ ಧಾರವಾಡವನ್ನು ಕೇಂದ್ರವಾಗಿಟ್ಟುಕೊಂಡು ಉತ್ತರ ಕರ್ನಾಟಕದ ಸಭಾಪ್ರಾಂತ ರಚಿತವಾಯಿತು. ಬಿಷಪ್ಪರಿಲ್ಲದ ಸಭೆಗೆ ಬಿಷಪ್ಪರು ಬಂದರು. ಬೆಟಗೇರಿಯ ದೇವಾಲಯ, ಶಾಲೆ, ಜರ್ಮನ್ ಆಸ್ಪತ್ರೆಯೆಂದು ಜನ ಕರೆಯುವ ಆಸ್ಪತ್ರೆಗಳು ಆ ಸಭೆಯ ಆಡಳಿತಕ್ಕೆ ಒಳಪಟ್ಟವು. ಚೆನ್ನಪ್ಪನವರಿಗೆ ಅಂಥ ಪದವಿಗಳ ಯೋಗ ಬರಲಿಲ್ಲ. ಆ ಪದವಿಯಲ್ಲಿದ್ದ ಅನೇಕರ ಹೆಸರುಗಳು ಸಭೆಯ ದಾಖಲೆಗಳಲ್ಲಿ ಉಳಿದಿವೆ. ಸರ್ವಜ್ಞನನ್ನು ಬಲ್ಲ ಮನೆಗಳಲ್ಲಿ ಈ ಪಾದ್ರಿಯ ಹೆಸರು ಉಳಿದಿದೆ.

1956ರಲ್ಲಿ ಕರ್ನಾಟಕ ಒಂದಾಯಿತು. ಮುಂಬಯಿ, ಮದರಾಸು, ಮಿರಜ, ಸಾಂಗಲಿಗಳ ನಡುವೆ ಹರಿದಿದ್ದ ಮುಂಡರಗಿ, ಹಡಗಲಿ, ಲಕ್ಷ್ಮೇಶ್ವರ, ಶಿರಹಟ್ಟಿಗಳು ಒಂದೇ ರಾಜ್ಯದ ಊರುಗಳಾದುದನ್ನು ಚೆನ್ನಪ್ಪನವರು ಕಣ್ಣಾರೆ ಕಂಡರು. ಮರುವರ್ಷ ಆದಯ್ಯನ ವಚನಗಳು ಪ್ರಕಟವಾದವು. 1962ರ ಆಗಸ್ಟ್ 28ರಂದು, 81ನೆಯ ವಯಸ್ಸು ನಡೆಯುತ್ತಿರುವಾಗ, ಅವರು ತೀರಿಕೊಂಡರು. ಅವರ ಹಿಂದೆ ಎರಡು ವರ್ಷಕ್ಕೆ ಹಳಕಟ್ಟಿಯವರೂ ಹೋದರು.